ಮಸಾಜ್‌ನಿಂದ ನಿಜವಾಗ್ಲೂ ಉಪಯೋಗ ಇದೆಯಾ, ಇಲ್ಲಾ ಆ ಹೊತ್ತಿಗೆ ಹಾಯೆನಿಸುತ್ತೆ ಅಷ್ಟೇನಾ?

ನಾನು ಮಸಾಜ್ ಥೆರಪಿಸ್ಟ್ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. "ಆ ಒಂದು ಗಂಟೆ ಚೆನ್ನಾಗಿರುತ್ತೆ, ಒಪ್ತೀನಿ. ಆದ್ರೆ ಮೈಗೆ ಏನಾದ್ರೂ ಆಗುತ್ತಾ?" ಅಂತ. ಆಗುತ್ತೆ. ಜೊತೆಗೆ ಇನ್ನೊಂದು ಮಾತು: ಹಾಯೆನಿಸುವುದನ್ನು "ಅಷ್ಟೇ" ಅಂತ ಪಕ್ಕಕ್ಕೆ ಇಡಬೇಡಿ. ಮಸಾಜ್‌ನ ಮುಕ್ಕಾಲು ಕೆಲಸ ನಡೆಯುವುದೇ ಅಲ್ಲಿ.

ನೋವಿನಿಂದ ಶುರು ಮಾಡೋಣ. ಮೊಣಕಾಲು ಎಲ್ಲಾದರೂ ತಗುಲಿದರೆ ಕೈ ತಾನಾಗಿಯೇ ಅಲ್ಲಿಗೆ ಹೋಗಿ ಉಜ್ಜುತ್ತೆ, ಅಲ್ವಾ? ಯಾರೂ ಹೇಳಿಕೊಟ್ಟದ್ದಲ್ಲ. ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟ್ ಇದೆ ಅಂದುಕೊಳ್ಳಿ. ಮುಟ್ಟಿದ್ದು, ಒತ್ತಿದ್ದು ಇಂಥ ಸುದ್ದಿ ತರುವ ನರಗಳು ಚುರುಕಾದರೆ ಆ ಗೇಟ್ ಅರ್ಧ ಮುಚ್ಚಿಕೊಳ್ಳುತ್ತೆ, ನೋವಿನ ಸುದ್ದಿ ಮಿದುಳಿಗೆ ಕಡಿಮೆ ತಲುಪುತ್ತೆ. ಆಮೇಲೆ ಈ ವಿವರಣೆಯನ್ನು ಸಾಕಷ್ಟು ತಿದ್ದಿದ್ದಾರೆ. ಆದರೆ ಸ್ಪರ್ಶ ನೋವನ್ನು ತಗ್ಗಿಸುತ್ತದೆ ಅನ್ನುವ ಮೂಲ ಮಾತು ಹಾಗೇ ಉಳಿದಿದೆ.

ಸೊಂಟ, ಬೆನ್ನು ನೋವಿನವರು ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಅವರಿಗೆ ನಾನು 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಹೇಳುತ್ತೇನೆ. ಬಹಳ ದಿನದಿಂದ ಬೆನ್ನು ನೋವಿದ್ದ 401 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ನೋವಿನ ಮೂಲ ಹುಡುಕಿ, ಆಯಾ ಸ್ನಾಯುವನ್ನೇ ಹಿಡಿದು ಮಾಡುವ ಮಸಾಜ್. ಇನ್ನೊಂದಕ್ಕೆ ಸುಮ್ನೆ ಮೈ ಸಡಿಲವಾಗಲಿ ಅಂತ ಮಾಡುವ ಸಾಧಾರಣ ಮಸಾಜ್. ಮೂರನೆಯದಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. ಹತ್ತು ವಾರ ಆದ ಮೇಲೆ ನೋಡಿದರೆ ಮಸಾಜ್ ಮಾಡಿಸಿಕೊಂಡ ಎರಡೂ ಗುಂಪಿನವರು ಮೂರನೆಯವರಿಗಿಂತ ಚೆನ್ನಾಗಿದ್ದರು, ಓಡಾಟ, ಕೆಲಸ ಎಲ್ಲಾ ಸಲೀಸಾಗಿತ್ತು. ಮತ್ತೆ ಆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ! ಆರು ತಿಂಗಳವರೆಗೂ ಅನುಕೂಲ ಉಳಿದಿತ್ತು, ವರ್ಷ ಕಳೆಯುವಷ್ಟರಲ್ಲಿ ತೀರಾ ಕಡಿಮೆಯಾಗಿತ್ತು.

"ಜೋರಾಗಿ ಒತ್ತಿ, ನೋವಾದ್ರೇನೇ ಕೆಲಸ ಆದಂಗೆ" ಅನ್ನುವವರಿಗೆ ಇದೇ ನನ್ನ ಉತ್ತರ. ಹಲ್ಲು ಕಚ್ಚಿಕೊಂಡು ಸಹಿಸುವಷ್ಟು ಒತ್ತಿದರೆ ಸ್ನಾಯು ಸಡಿಲವಾಗಲ್ಲ, ತನ್ನನ್ನು ಕಾಪಾಡಿಕೊಳ್ಳಲು ಇನ್ನೂ ಬಿಗಿಯಾಗುತ್ತೆ. ನಾನು ನೋಡುವುದು ಬೇರೆಯದನ್ನು. ಮಲಗಿದವರ ಕೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು ಮೆಲ್ಲಗೆ ಎತ್ತುತ್ತೇನೆ. "ಪೂರ್ತಿ ಭಾರ ನನ್ನ ಮೇಲೆ ಬಿಡಿ" ಅನ್ನುತ್ತೇನೆ. "ಬಿಟ್ಟಿದ್ದೀನಲ್ಲಾ" ಅನ್ನುತ್ತಾರೆ. ನಾನು ಕೈ ತೆಗೆದರೆ ಅವರ ಕೈ ಅಲ್ಲೇ ಗಾಳಿಯಲ್ಲಿ ನಿಂತಿರುತ್ತೆ! ಬಿಗಿ ಹಿಡಿದಿರುವುದು ಅವರಿಗೇ ಗೊತ್ತಿರಲ್ಲ. ಎಷ್ಟೋ ಜನ ಇಡೀ ದಿನ ಹೀಗೇ ಇರುತ್ತಾರೆ. ಭುಜ ಕಿವಿಯ ಕಡೆ ಏರಿರುತ್ತೆ, ದವಡೆ ಗಟ್ಟಿಯಾಗಿರುತ್ತೆ, ಉಸಿರು ಎದೆಯಲ್ಲೇ ತಿರುಗುತ್ತಿರುತ್ತೆ. ಸ್ವಲ್ಪ ಹೊತ್ತಾದ ಮೇಲೆ ಒಂದು ದೊಡ್ಡ ನಿಟ್ಟುಸಿರು ಬರುತ್ತೆ, ಹೊಟ್ಟೆ ಏರಿಳಿಯೋಕೆ ಶುರುವಾಗುತ್ತೆ, ಆಗ ಅದೇ ಕೈ ನನ್ನ ಅಂಗೈ ಮೇಲೆ ಭಾರವಾಗಿ ಬೀಳುತ್ತೆ. ನನಗೆ ಬೇಕಾಗಿರುವುದು ಅದು.

ಸ್ನಾಯುವಿನ ಒಳಗೂ ಏನೋ ಆಗುತ್ತೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 11 ಯುವಕರಿಗೆ ಸುಸ್ತಾಗುವವರೆಗೆ ಸೈಕಲ್ ತುಳಿಸಿ, ಒಂದೇ ಕಾಲಿಗೆ ಹತ್ತು ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸೂಚನೆಗಳು ಕಡಿಮೆ ಇದ್ದವು. ಇದು 2012ರ ಮಾತು. ಅದರಲ್ಲೇ ಇನ್ನೊಂದು ವಿಷಯವೂ ಗೊತ್ತಾಯಿತು: ಜೋರಾಗಿ ವ್ಯಾಯಾಮ ಮಾಡಿದಾಗ ಸ್ನಾಯುವಿನಲ್ಲಿ ಸೇರಿಕೊಳ್ಳುವ ಲ್ಯಾಕ್ಟಿಕ್ ಆಸಿಡ್ ವಿಷಯದಲ್ಲಿ ಎರಡೂ ಕಾಲು ಒಂದೇ. ಹಾಗಾಗಿ "ಮಸಾಜ್ ಮಾಡಿದ್ರೆ ಲ್ಯಾಕ್ಟಿಕ್ ಆಸಿಡ್ ಹೊರಗೆ ಹೋಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ವ್ಯಾಯಾಮ ಮುಗಿದ ಗಂಟೆಯೊಳಗೆ ತಾನೇ ಇಳಿದುಹೋಗುತ್ತೆ. ಮೈಯಲ್ಲಿರೋ ವಿಷ ತೆಗೆಯುತ್ತೆ ಅನ್ನುವ ಮಾತೂ ಅಷ್ಟೇ. ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆ. ನಿಜವಾಗಿ ಇಷ್ಟು ಉಪಯೋಗ ಇರುವಾಗ ಇಲ್ಲದ್ದನ್ನು ಯಾಕೆ ಸೇರಿಸಬೇಕು?

ಇನ್ನು ಮನಸ್ಸು. 2004ರಲ್ಲಿ 37 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಎದ್ದು ಕಂಡ ಅನುಕೂಲ ನೋವಿನದ್ದಲ್ಲ, ಆತಂಕ ಮತ್ತು ಖಿನ್ನತೆಯದ್ದು. ಹಲವು ಸಲ ಮಸಾಜ್ ಮಾಡಿಸಿಕೊಂಡವರಲ್ಲಿ ಅವು ಇಳಿದ ಪ್ರಮಾಣ, ಮನೋಚಿಕಿತ್ಸೆಯಲ್ಲಿ ಕಾಣುವುದಕ್ಕೆ ಹತ್ತಿರ ಇತ್ತು. ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ, ಕೌನ್ಸೆಲಿಂಗ್ ಬಿಡಬೇಡಿ. ಅವುಗಳ ಜೊತೆಗೆ ಇದೂ ಇರಲಿ.

ನಮ್ಮ ಚರ್ಮದಲ್ಲಿ, ರೋಮ ಇರುವ ಕಡೆಯಲ್ಲೆಲ್ಲಾ, ನಿಧಾನವಾದ ಸ್ಪರ್ಶಕ್ಕೆ ಮಾತ್ರ ಚೆನ್ನಾಗಿ ಸ್ಪಂದಿಸುವ ನರಗಳಿವೆ. ಸೆಕೆಂಡಿಗೆ ಮೂರು ಸೆಂಟಿಮೀಟರ್‌ನ ಆಸುಪಾಸು ಅವಕ್ಕೆ ಹಿಡಿಸುವ ವೇಗ. ಅಂದರೆ ಮೊಣಕೈಯಿಂದ ಮಣಿಕಟ್ಟಿಗೆ ಬರೋಕೆ ಏಳೆಂಟು ಸೆಕೆಂಡ್ ಬೇಕು. ಈಗಲೇ ಮಾಡಿ ನೋಡಿ, ಎಷ್ಟು ನಿಧಾನ ಅಂತ ಗೊತ್ತಾಗುತ್ತೆ. ಆ ನರಗಳ ಸುದ್ದಿ ಹೋಗುವುದು ಮಿದುಳಿನಲ್ಲಿ ಭಾವನೆಗಳನ್ನು ನೋಡಿಕೊಳ್ಳುವ ಭಾಗಕ್ಕೆ. ಒಬ್ಬರೇ ಇರುವ ವಯಸ್ಸಾದವರು ಬೆನ್ನು ನೋವು ಅಂತ ಬಂದು, ಅರ್ಧದಲ್ಲಿ ಸದ್ದಿಲ್ಲದೆ ಅಳುವುದನ್ನು ನೋಡಿದ್ದೇನೆ. ಅವರನ್ನು ಯಾರಾದರೂ ಪ್ರೀತಿಯಿಂದ ಮುಟ್ಟಿ ಎಷ್ಟು ದಿನವಾಗಿತ್ತೋ. ಆಗ ನಾನು ಮಾತಾಡಿಸಲ್ಲ, ಕೈಯನ್ನೂ ನಿಲ್ಲಿಸಲ್ಲ.

"ಎಲ್ಲಾ ನಂಬಿಕೆ ಅಷ್ಟೇ" ಅನ್ನುವವರಿಗೆ ಮಕ್ಕಳ ಉದಾಹರಣೆ ಕೊಡುತ್ತೇನೆ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಟಿಫನಿ ಫೀಲ್ಡ್ ಮತ್ತು ಅವರ ತಂಡ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ಹತ್ತು ದಿನ, ದಿನಕ್ಕೆ ಮೂರು ಸಲ, 15 ನಿಮಿಷ ಮೈ ನೀವಿ, ಕೈಕಾಲು ಆಡಿಸಿತು. ಉಳಿದ ಶಿಶುಗಳಿಗಿಂತ ದಿನಕ್ಕೆ ಶೇ. 47ರಷ್ಟು ಜಾಸ್ತಿ ತೂಕ ಬಂತು. ಕುಡಿದ ಹಾಲು ಹೆಚ್ಚೇನೂ ಇರಲಿಲ್ಲ. ಆ ಕೂಸುಗಳಿಗೆ ಮಸಾಜ್ ಮೇಲೆ ಎಂಥ ನಂಬಿಕೆ ಇರೋಕೆ ಸಾಧ್ಯ?

ಎಲ್ಲರಿಗೂ ಎಲ್ಲಾ ಹೊತ್ತಿಗೂ ಅಲ್ಲ, ಇದನ್ನು ದಯವಿಟ್ಟು ನೆನಪಿಡಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ ಒತ್ತಿಸಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಡಾಕ್ಟರ ಹತ್ತಿರ ಹೋಗಿ. ಬೆನ್ನು ನೋವಿನ ಜೊತೆ ಕಾಲು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ತಡ ಮಾಡಬೇಡಿ. ಜ್ವರ, ಗಾಯ, ಮುರಿದ ಮೂಳೆ ಇದ್ದರೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತ, ಕ್ಯಾನ್ಸರ್, ಗರ್ಭ, ಇವನ್ನು ಮುಂಚೆಯೇ ಥೆರಪಿಸ್ಟ್‌ಗೆ ಹೇಳಿ.

ಎಷ್ಟು ಸಲ ಅಂತೀರಾ? ಒಂದೇ ಸಲಕ್ಕೆ ಹಳೇ ನೋವು ಹೋಗಲ್ಲ. ವಾರಕ್ಕೊಮ್ಮೆಯಂತೆ ಕೆಲವು ವಾರ ಬನ್ನಿ, ಅನುಕೂಲ ಕಾಣದಿದ್ದರೆ ನಿಲ್ಲಿಸಿ, ಕಾರಣ ಬೇರೆ ಇರಬಹುದು. ಬರೋಕೆ ಆಗದಿದ್ದರೆ ಮನೆಯವರನ್ನೇ ಕೇಳಿ. ಬೆನ್ನೆಲುಬನ್ನು ಬಿಟ್ಟು ಅದರ ಎರಡೂ ಪಕ್ಕ, ಬಟ್ಟೆಯ ಮೇಲಿಂದಲೇ ಆದರೂ ಸರಿ, ಇಡೀ ಅಂಗೈಯಿಂದ ನಿಧಾನವಾಗಿ ನೀವಲಿ. ಕುತ್ತಿಗೆಯನ್ನು ಮಾತ್ರ ಲಟಕ್ಕನೆ ತಿರುಗಿಸೋಕೆ ಯಾರಿಗೂ ಬಿಡಬೇಡಿ.