ಯಾರೂ ಕೂಗಲಿಲ್ಲವೇ?

ಇದು 2024ರ ಮಾರ್ಚ್ ತಿಂಗಳ ಮಾತು. ಗುರುವಾರ ರಾತ್ರಿಯಿಂದ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಅಮೆರಿಕದ ಕಾಲೇಜುಗಳ ಬಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಕೆಂಟಕಿಯನ್ನು ಓಕ್‌ಲ್ಯಾಂಡ್ ಸೋಲಿಸಿತು, 80–76. ಇದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಅಲ್ಲ. ಮಿಷಿಗನ್‌ನಲ್ಲಿ ನಮ್ಮ ಮನೆಗೆ ಹತ್ತಿರವೇ ಇರುವ ವಿಶ್ವವಿದ್ಯಾಲಯ. ಎಷ್ಟು ವರ್ಷ ಅದರ ಮುಂದೆ ಕಾರು ಓಡಿಸಿದ್ದೇನೋ, ಅಲ್ಲೊಂದು ಬಾಸ್ಕೆಟ್‌ಬಾಲ್ ತಂಡವಿದೆ ಎಂದು ಒಮ್ಮೆಯೂ ತಿರುಗಿ ನೋಡಿದವನಲ್ಲ. ಈಗ ಅದು ‘ನಮ್ಮ’ ಓಕ್‌ಲ್ಯಾಂಡ್. ಹಿಂದಿನ ಭಾನುವಾರವಷ್ಟೇ ಆರ್‌ಸಿಬಿ ಹೆಣ್ಣುಮಕ್ಕಳು ಕಪ್ ಎತ್ತಿದ್ದರು. ಗೆದ್ದವರನ್ನು ನಮ್ಮವರನ್ನಾಗಿ ಮಾಡಿಕೊಳ್ಳುವ ಅಭ್ಯಾಸ ಹಾಗಾಗಿ ಬಿಸಿಯಾಗಿಯೇ ಇತ್ತು.

ಮಗ ಶಾಲೆಯ ತಂಡದಲ್ಲಿ ಆಡುತ್ತಾನೆ, ಮಾರ್ಚ್ ತಿಂಗಳಲ್ಲಿ ಟಿವಿ ಅವನದು. ಅಮ್ಮ ಊರಿನಿಂದ ಬಂದು ನಾಲ್ಕು ತಿಂಗಳಾಯಿತು. ಸೋಫಾದ ಮೂಲೆಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಾ ಏನು ಹಾಕಿದರೂ ನೋಡುತ್ತಾಳೆ. ಅಂದು ಅವಳ ಕಣ್ಣಿಗೆ ಬಿದ್ದವನು ಜ್ಯಾಕ್ ಗೋಲ್ಕಿ.

ಇಪ್ಪತ್ತನಾಲ್ಕರ ಹುಡುಗ. ಮೊದಲ ದರ್ಜೆಯಲ್ಲಿ ಕೇಳುವವರಿಲ್ಲದೆ ಹಿಲ್ಸ್‌ಡೇಲ್ ಎಂಬ ಸಣ್ಣ ಕಾಲೇಜಿನಲ್ಲಿ ಎರಡನೇ ದರ್ಜೆಯ ಆಟ ಆಡಿ, ಕೊನೆಯ ವರ್ಷಕ್ಕೆಂದು ಇಲ್ಲಿಗೆ ಬಂದವನು. ಶುರುವಿನ ಐವರಲ್ಲೂ ಅವನಿಲ್ಲ, ಬೆಂಚಿನಿಂದ ಎದ್ದು ಬರುತ್ತಾನೆ. ಬಂದು ಮಾಡುವುದು ಒಂದೇ ಕೆಲಸ: ಮೂರು ಪಾಯಿಂಟ್ ಗೆರೆಯ ಹೊರಗಿನಿಂದ ಎಸೆಯುವುದು. ಆ ರಾತ್ರಿ ಆಟದ ನಡುವೆ ಎಸೆದದ್ದು ಇಪ್ಪತ್ತು, ಇಪ್ಪತ್ತೂ ಗೆರೆಯ ಹೊರಗಿನಿಂದಲೇ. ಹತ್ತು ಬಿದ್ದವು, ಅದರಲ್ಲಿ ಏಳು ಮೊದಲರ್ಧದಲ್ಲೇ. ಫ್ರೀ ಥ್ರೋದ ಎರಡು ಸೇರಿ ಒಟ್ಟು 32 ಪಾಯಿಂಟ್. ಇನ್ನೊಂದು ಬಿದ್ದಿದ್ದರೆ 1990ರಲ್ಲಿ ಜೆಫ್ ಫ್ರೈಯರ್ ಈ ಟೂರ್ನಿಯಲ್ಲಿ ಮಾಡಿದ ಹನ್ನೊಂದರ ದಾಖಲೆಗೆ ಸಮ. ಆ ಫ್ರೈಯರ್ ಹೊಡೆದದ್ದು ಮಿಷಿಗನ್ ತಂಡದ ವಿರುದ್ಧವೇ. ಪಕ್ಕದ ಮನೆಯ ಮುದುಕರು ಅದನ್ನು ಇನ್ನೂ ಮರೆತಿಲ್ಲ.

ಎದುರಿಗಿದ್ದವರು ಸಾಮಾನ್ಯರೇ? ಎಂಟು ಸಲ ಚಾಂಪಿಯನ್ ಆದ ಕಾಲೇಜು. ತಮ್ಮ ವಿಭಾಗದಲ್ಲಿ ಕೆಂಟಕಿಗೆ ಮೂರನೇ ಶ್ರೇಯಾಂಕ, ಓಕ್‌ಲ್ಯಾಂಡ್‌ಗೆ ಹದಿನಾಲ್ಕು. ರೀಡ್ ಶೆಪರ್ಡ್, ರಾಬ್ ಡಿಲ್ಲಿಂಗ್‌ಹ್ಯಾಮ್ ಎಂಬ ಮೊದಲ ವರ್ಷದ ಹುಡುಗರು ನಾಳೆ ಎನ್‌ಬಿಎ ಎಂಬ ವೃತ್ತಿಪರ ಲೀಗಿಗೆ ಹೋಗುವವರು ಎಂದು ಮಗ ವರ್ಷವಿಡೀ ಹೇಳಿದ್ದಾನೆ. ಒಬ್ಬೊಬ್ಬರನ್ನೇ ನಿಲ್ಲಿಸಿದರೆ ಗೋಲ್ಕಿ ಅವರ ಹತ್ತಿರಕ್ಕೂ ಬರುವುದಿಲ್ಲ.

ಅಮ್ಮನಿಗೆ ಅದೇ ಬಗೆಹರಿಯಲಿಲ್ಲ. ಐದನೆಯದೋ ಆರನೆಯದೋ ಬಿದ್ದಾಗ ಬತ್ತಿ ಕೆಳಗಿಟ್ಟು ಕೇಳಿದಳು: “ಅಲ್ಲ ಪುಟ್ಟಾ, ಅವನು ಅಲ್ಲಿಂದಲೇ ಎಸೆಯುತ್ತಾನೆ ಎಂದು ನನಗೇ ಗೊತ್ತಾಯಿತು. ಅವರಿಗೆ ಗೊತ್ತಿಲ್ಲವೇ?”

ಮಗ ಆಟವನ್ನು ಹಿಂದಕ್ಕೆ ಓಡಿಸಿ ತೋರಿಸಿದ. ಗೋಲ್ಕಿ ಮೂಲೆಯಿಂದ ಓಡಿ ಬರುತ್ತಾನೆ. ಅವನ ತಂಡದ ದಪ್ಪ ಹುಡುಗನೊಬ್ಬ ದಾರಿಯಲ್ಲಿ ಕಂಬದಂತೆ ನಿಲ್ಲುತ್ತಾನೆ. ಬೆನ್ನಟ್ಟಿ ಬಂದವನು ಕಂಬಕ್ಕೆ ಬಡಿಯುತ್ತಾನೆ. ಈಗ ಕಂಬವನ್ನು ಕಾಯುತ್ತಿದ್ದವನು ಗೋಲ್ಕಿಯ ಮೇಲೆ ಹೋಗಬೇಕು, ಬಡಿದವನು ಕಂಬದ ಬಳಿ ಉಳಿಯಬೇಕು. ಅಥವಾ ಇಬ್ಬರೂ ಅವರವರನ್ನೇ ಹಿಡಿಯಬೇಕು. ಯಾವುದು ಎಂದು ಅರ್ಧ ಸೆಕೆಂಡಿನಲ್ಲಿ ತೀರ್ಮಾನವಾಗಬೇಕು. ಆಗಲಿಲ್ಲ. ಇಬ್ಬರೂ ಕಂಬದ ಬಳಿಯೇ ಉಳಿದರು. ಚೆಂಡು ಬಲೆಗೆ ಬಿದ್ದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾ ಅಂಗೈ ಬಿಚ್ಚಿದರು.

“ಬದಲಾಯಿಸಿಕೊಳ್ಳುವಾಗ ಕೂಗಿ ಹೇಳಬೇಕು ಅಜ್ಜಿ. ನಮ್ಮ ಕೋಚ್ ದಿನಾ ಅದಕ್ಕೇ ಬೈಯುತ್ತಾರೆ.”

“ಮತ್ತೆ ಯಾರೂ ಕೂಗಲಿಲ್ಲವೇ?”

“ಇಲ್ಲ.”

“ಅಯ್ಯೋ, ಬಾಯಿ ಬಿಟ್ಟು ಹೇಳುವುದಕ್ಕೇನು?” ಎಂದು ಬತ್ತಿ ಕೈಗೆತ್ತಿಕೊಂಡಳು.

ಮೂರು ದಿನದಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ಕೆಂಟಕಿಯ ಕೋಚ್ ಕ್ಯಾಲಿಪಾರಿಯ ಮೇಲೆ ಊರೆಲ್ಲ ಸಿಟ್ಟಾಗಿದೆ. ನನಗೂ ಆ ಮನುಷ್ಯನ ಮೇಲೆ ಹೇಳಿಕೊಳ್ಳುವಂಥ ಪ್ರೀತಿಯಿಲ್ಲ. ವರ್ಷವರ್ಷವೂ ಹೊಸ ನಕ್ಷತ್ರಗಳನ್ನು ತಂದು ಗುಡ್ಡೆ ಹಾಕಿದರೆ ಅವರು ಪರಸ್ಪರ ಕೂಗಿಕೊಳ್ಳಲು ಕಲಿಯುವುದು ಯಾವಾಗ? ಆಚೆ ಕಡೆ ಓಕ್‌ಲ್ಯಾಂಡ್‌ನ ಕೋಚ್ ಗ್ರೆಗ್ ಕ್ಯಾಂಪಿ 1984ರಿಂದ ಒಂದೇ ಕಾಲೇಜಿನಲ್ಲಿದ್ದಾರೆ. ಅಂಥವರ ಪರ ನಾನು ವಾಲುವುದು ಸಹಜ. ಆದರೆ ನನ್ನನ್ನು ಕಾಡುತ್ತಿರುವುದು ಆ ಇಬ್ಬರೂ ಅಲ್ಲ, ಕೇಳಿದವಳು ಅಮ್ಮ ಎಂಬುದು.

ಅಪ್ಪ ಹೋದ ಮೇಲೆ ಅಮ್ಮ ಆರು ತಿಂಗಳು ಮೈಸೂರಿನಲ್ಲಿ ತಮ್ಮನ ಮನೆ, ಆರು ತಿಂಗಳು ಬೆಂಗಳೂರಿನಲ್ಲಿ ಅಕ್ಕನ ಮನೆ. ಹೋದ ವರ್ಷ ಮೈಸೂರಿನಿಂದ ಬೆಂಗಳೂರಿಗೆ ಬಂದ ವಾರ ಅವಳ ಬಿಪಿ ಮಾತ್ರೆ ಮುಗಿದಿತ್ತು. ತಿಂಗಳಿಗಾಗುವಷ್ಟು ತಮ್ಮ ಚೀಲದಲ್ಲಿ ಹಾಕಿದ್ದಾನೆ ಎಂದು ಅಕ್ಕ, ಇನ್ನು ಅಕ್ಕ ತರುತ್ತಾಳೆ ಎಂದು ತಮ್ಮ. ಒಂಬತ್ತು ದಿನ. ಹತ್ತನೆಯ ದಿನ ಅಡುಗೆಮನೆಯಲ್ಲಿ ಕಣ್ಣು ಕತ್ತಲಿಟ್ಟು ಬಿದ್ದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಇಬ್ಬರೂ ಕೆಟ್ಟ ಮಕ್ಕಳಲ್ಲ, ನನಗಿಂತ ಸಾವಿರ ಪಾಲು ಮೇಲು. ನಾನಂತೂ ಈ ಆಟದಲ್ಲಿ ಟಿವಿ ಮುಂದೆ ಕುಳಿತವನು. ಇಲ್ಲಿಂದಲೇ ಫೋನಿನಲ್ಲಿ ಇಬ್ಬರಿಗೂ ಬೈದೆ, ಎಷ್ಟು ಸುಲಭ.

“ನೀನಾದರೂ ಹೇಳಬಾರದಿತ್ತೇ?” ಎಂದು ಅಂದು ಅಮ್ಮನನ್ನೂ ಕೇಳಿದ್ದೆ.

“ಅವರಿಗೆ ಗೊತ್ತಿರುತ್ತದೆ ಅಂದುಕೊಂಡೆ. ಕೇಳಿದರೆ ಚುಚ್ಚಿದ ಹಾಗೆ ಆಗುತ್ತದೆ” ಎಂದಿದ್ದಳು.

ಅದೇ ಅಮ್ಮ ಗುರುವಾರ ಪಿಟ್ಸ್‌ಬರ್ಗ್‌ನಲ್ಲಿ ಆಡುತ್ತಿದ್ದ ಕೆಂಟಕಿಯ ಹುಡುಗರಿಗೆ ಬಾಯಿ ಬಿಡುವುದನ್ನು ಹೇಳಿಕೊಟ್ಟಳು. ನಗು ಬಂತು, ನಗಲಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಚೆನ್ನೈನಲ್ಲಿ ಆರ್‌ಸಿಬಿ ಗಂಡಸರು ಸೋತರು, ಅದು ಇರಲಿ. ನಿನ್ನೆ ಓಕ್‌ಲ್ಯಾಂಡ್ ಹೆಚ್ಚುವರಿ ಐದು ನಿಮಿಷದವರೆಗೂ ಎಳೆದು ನಾರ್ತ್ ಕ್ಯಾರೊಲೈನಾ ಸ್ಟೇಟ್‌ಗೆ 79–73ರಲ್ಲಿ ಸೋತಿತು. ಗೋಲ್ಕಿ ನಿನ್ನೆಯೂ 22 ಹೊಡೆದ. ಮಗ ಊಟ ಬಿಟ್ಟು ಮಲಗಿದ.

ಮುಂದಿನ ತಿಂಗಳು ಅಮ್ಮ ಹಿಂದಿರುಗುತ್ತಾಳೆ, ವಿಮಾನ ಇಳಿಯುವುದು ಬೆಳಗಿನ ಜಾವ. ಇಂದು ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದೆ: “ಅಮ್ಮನನ್ನು ಕರೆದುಕೊಂಡು ಹೋಗಲು ಏರ್‌ಪೋರ್ಟಿಗೆ ಯಾರು ಬರುತ್ತೀರಿ? ಗಾಲಿಕುರ್ಚಿಗೆ ಹೇಳಿದ್ದೇನೆ, ಮಾತ್ರೆ ಎರಡು ವಾರಕ್ಕೆ ಸಾಕಾಗುವಷ್ಟಿದೆ.”

ಎರಡೇ ನಿಮಿಷದಲ್ಲಿ ಅಕ್ಕನಿಂದ ಒಂದು ಹೆಬ್ಬೆರಳು ಬಂತು. ಅದರ ಕೆಳಗೆ ತಮ್ಮನಿಂದ ಇನ್ನೊಂದು ಹೆಬ್ಬೆರಳು.

ಎರಡು ಹೆಬ್ಬೆರಳುಗಳನ್ನೂ ಸ್ವಲ್ಪ ಹೊತ್ತು ನೋಡಿದೆ. ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಆದರೂ ಫೋನ್ ಮಾಡಿದೆ, ಮೊದಲು ಅಕ್ಕನಿಗೆ.