ನೀರು ನಿಲ್ಲುವ ಜಾಗಗಳು

ಕಾಲೇಜಿನಲ್ಲಿ ನಮಗೆ ಫುಟ್ಬಾಲ್ ಕಲಿಸಿದ ದೈಹಿಕ ಶಿಕ್ಷಣ ನಿರ್ದೇಶಕರು, ನಮ್ಮ ಪಿ.ಡಿ. ಸರ್, ತೀರಿಕೊಂಡ ಸುದ್ದಿ ಬಂದಾಗ ನಾನು ಮುಂಬೈಯ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ. ಹಳೆಯ ತಂಡದ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಕ್ಯಾಪ್ಟನ್ ಹಾಕಿದ್ದು ಎರಡೇ ಪದ: "ಸರ್ ಹೋದರು." ಅರ್ಧ ಗಂಟೆಯೊಳಗೆ ದುಬೈ, ದಮ್ಮಾಮ್, ಬೆಂಗಳೂರು, ಸುರತ್ಕಲ್ ಎಲ್ಲ ಕಡೆಯಿಂದ ಒಬ್ಬೊಬ್ಬರೇ ಬಂದು ಸೇರಿದರು. ಏನು ಬರೆಯಬೇಕೆಂದು ಯಾರಿಗೂ ತೋಚಲಿಲ್ಲ. ನಾನು ಮೀಟಿಂಗಿನಿಂದ ಎದ್ದು ಹೊರಗೆ ಬಂದೆ.

ಕಾಲೇಜಿನ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಪ್ರಾಂಶುಪಾಲರು ಕೇಳಿದ ಮೇಲೆ ಕುಳಿತು ಯೋಚಿಸಿದೆ. ಮೂರು ವರ್ಷ ಬಿ.ಕಾಂ. ಓದಿದ್ದೇನೆ. ಯಾವ ವರ್ಷ ಯಾವ ಪಾಠವಿತ್ತು ಎಂದರೆ ಒಂದೂ ನೆನಪಾಗುವುದಿಲ್ಲ. ಆದರೆ 1988ರ ಆಗಸ್ಟಿನಲ್ಲಿ ಮಂಗಳೂರಿನ ನೆಹರೂ ಮೈದಾನದ ಫುಟ್ಬಾಲ್ ಅಂಗಣದಲ್ಲಿ ಎಲ್ಲೆಲ್ಲಿ ನೀರು ನಿಂತಿತ್ತು ಎಂದು ಕೇಳಿ, ಕಣ್ಣುಮುಚ್ಚಿ ಹೇಳುತ್ತೇನೆ.

ಕಾಲೇಜಿಗೆ ನಾನು ಸೇರಿದ್ದು 1986ರಲ್ಲಿ. ಕಾಲೇಜಿನ ತಂಡ ನನ್ನದಾಗಿ ಆಗಲೇ ಹತ್ತು ವರ್ಷವಾಗಿತ್ತು. ಅಪ್ಪ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವರು. ಆಗಸ್ಟಿನ ಟೂರ್ನಮೆಂಟ್ ಬಂತೆಂದರೆ ಸಂಜೆ ಪಾಳಿ ಮುಗಿಸಿ, ಅಂಗಿಗೆ ಹತ್ತಿದ ಆವೆಮಣ್ಣಿನ ಸಮೇತ ಮನೆಗೆ ಬಂದು, ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿ, ತಲೆಗೊಂದು ಪ್ಲಾಸ್ಟಿಕ್ ಹೊದಿಸಿ ಮೈದಾನಕ್ಕೆ ಹೊರಡುತ್ತಿದ್ದರು. "ಇವತ್ತು ನಮ್ಮ ಕಾಲೇಜಿನ ಮ್ಯಾಚು" ಎನ್ನುತ್ತಿದ್ದರು. ನಮ್ಮ ಕಾಲೇಜು! ಅದರ ಮೆಟ್ಟಿಲನ್ನು ಅವರು ಹತ್ತಿದ್ದು ಜೀವನದಲ್ಲಿ ಒಂದೇ ಸಲ, ನನ್ನ ಅಡ್ಮಿಶನ್ನಿನ ದಿನ. ಆದರೂ ಎಡ ಅಂಚಿನಲ್ಲಿ ಆಡುವ ಲೆಫ್ಟ್ ಔಟ್ ಹುಡುಗನ ಮೊಣಕಾಲು ನೋವು ಹೇಗಿದೆ, ಗೋಲಿಗೆ ಈ ವರ್ಷ ಯಾರು ನಿಲ್ಲುತ್ತಾರೆ ಎಲ್ಲವೂ ಅವರಿಗೆ ಗೊತ್ತಿರುತ್ತಿತ್ತು.

ಅವರೊಬ್ಬರೇ ಅಲ್ಲ. ಬಂದರಿನ ಹಮಾಲಿಗಳು, ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಕಂಡಕ್ಟರುಗಳು, ಮೀನು ಮಾರಿ ಬುಟ್ಟಿ ಖಾಲಿ ಮಾಡಿಕೊಂಡ ಹೆಂಗಸರು, ಕರಿಕೋಟು ಕಳಚಿ ಕೈಯಲ್ಲಿ ಹಿಡಿದ ವಕೀಲರು, ಎಲ್ಲರೂ ಗೆರೆಯುದ್ದಕ್ಕೂ ಕೊಡೆ ಹಿಡಿದು ನಿಲ್ಲುತ್ತಿದ್ದರು. ಗೋಲು ಬಿದ್ದರೆ ಅಷ್ಟೂ ಕೊಡೆಗಳು ಒಮ್ಮೆಲೇ ಮೇಲೇಳುತ್ತಿದ್ದವು. ಎಂಟು ವರ್ಷದ ನನಗೆ ಚೆಂಡಿಗಿಂತ ಮೊದಲು ಕಂಡದ್ದು ಆ ಕೊಡೆಗಳು. ಬಿಳಿ ಜೆರ್ಸಿ ತೊಟ್ಟು ಇಳಿದ ನಮ್ಮ ತಂಡ ಹತ್ತು ನಿಮಿಷದಲ್ಲಿ ಕೆಂಪುಮಣ್ಣಿನ ತಂಡವಾಗುತ್ತಿತ್ತು. ಅಪ್ಪನ ಅಂಗಿಯದೂ ಅದೇ ಬಣ್ಣ.

ಪಿ.ಡಿ. ಸರ್ ಈ ಊರಿನವರಲ್ಲ. ಬೆಂಗಳೂರಿನ ಹಲಸೂರಿನ ಬಳಿಯ ಗೌತಮಪುರದಲ್ಲಿ ಹುಟ್ಟಿ ಬೆಳೆದವರು. ಅಲ್ಲಿ ಫುಟ್ಬಾಲ್ ಆಡದ ಮನೆ ಹುಡುಕಬೇಕು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತಮಿಳು. ಹತ್ತು ವರ್ಷದಲ್ಲಿ ತುಳುವೂ ಸೇರಿತು. ಗಿಡ್ಡ ಆಳು, ಬೋಳುತಲೆ, ಕೊರಳಲ್ಲಿ ಸೀಟಿ. ಸೀಟಿ ಊದಿದ್ದು ಮಾತ್ರ ಬಹಳ ಕಡಿಮೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿಗೆ ನಾವು 1–2ರಿಂದ ಸೋತದ್ದನ್ನು, ನಮ್ಮ ಆ ಒಂದು ಗೋಲು ಮೈಸೂರಿನ ರಾಮನ್ ಹೊಡೆದದ್ದನ್ನು, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದನ್ನು ನಿನ್ನೆ ನಡೆದಂತೆ ಹೇಳುತ್ತಿದ್ದರು. 1956ರಲ್ಲಿ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು ಎನ್ನುವಾಗ ಅವರ ಎದೆ ಉಬ್ಬುತ್ತಿತ್ತು.

ಮಂಗಳೂರಿಗೆ ಬಂದ ಮೊದಲ ಮಳೆಗಾಲದಲ್ಲೇ ಅವರಿಗೆ ಒಂದು ವಿಷಯ ಅರ್ಥವಾಯಿತಂತೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಚೆಂಡನ್ನು ನೆಲದ ಮೇಲೇ ಉರುಳಿಸಿ ಕೊಡುವ ಗೌತಮಪುರದ ನೆಲಪಾಸ್ ನಡೆಯುವುದಿಲ್ಲ. ಚೆಂಡು ನೀರಿನಲ್ಲಿ ನಿಂತುಬಿಡುತ್ತದೆ. ಹಾಗಾಗಿ ಮ್ಯಾಚಿನ ದಿನ ಬೆಳಿಗ್ಗೆ ಆರು ಗಂಟೆಗೆ ಪ್ಯಾಂಟು ಮಡಚಿ, ಚಪ್ಪಲಿ ಕಳಚಿ, ಇಡೀ ಅಂಗಣವನ್ನು ಬರಿಗಾಲಲ್ಲಿ ಅಡ್ಡಡ್ಡ ನಡೆಯುತ್ತಿದ್ದರು. ಹಿಂದೆ ನಾವು. ಎಲ್ಲಿ ಪಾದ ಮುಳುಗುತ್ತದೆ, ಎಲ್ಲಿ ಮಣ್ಣು ಗಟ್ಟಿ, ಎಲ್ಲಿ ಜಾರುತ್ತದೆ ಎಂಬುದನ್ನು ಒಂದು ಚಿಕ್ಕ ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಗೀಚಿಕೊಳ್ಳುತ್ತಿದ್ದರು. ಎದುರು ತಂಡದ ಬ್ಯಾಕ್ ಆಟಗಾರ ಯಾವ ಹೊಂಡದ ಹತ್ತಿರ ನಿಲ್ಲುತ್ತಾನೋ ಅವನ ಹಿಂದಕ್ಕೆ ಚೆಂಡು ಎತ್ತಿ ಹಾಕಬೇಕು. ಅದು ಪುಟಿಯದೆ ನಿಲ್ಲುತ್ತದೆ, ಅವನು ತಿರುಗುವಷ್ಟರಲ್ಲಿ ನಮ್ಮವನು ತಲುಪಿರುತ್ತಾನೆ. ನಮಗೆ ಕಷ್ಟ ಬಂದರೆ ಚೆಂಡನ್ನು ಹಿಂದಕ್ಕೆ ಗೋಲ್‌ಕೀಪರನಿಗೆ, ಅಂದರೆ ನನಗೆ ಕೊಡಬೇಕು. ನಾನು ಎದೆಗವಚಿ ಹಿಡಿಯಬೇಕು. ಆಗ ಅದಕ್ಕೆ ಅವಕಾಶವಿತ್ತು.

ಇನ್ನು ಬೆಂಗ್ರೆಯ ಕತೆ. 1987ರ ಜುಲೈ. ಟೂರ್ನಮೆಂಟಿಗೆಂದು ಜಲಂಧರದಿಂದ ಹೊಸ ಚೆಂಡು ಬಂದಿತ್ತು. ಸರ್ ಅದರ ಮೇಲೆ ಕಾಲೇಜಿನ ಹೆಸರು ಬರೆದು ಸ್ಪೋರ್ಟ್ಸ್ ರೂಮಿನ ಮರದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ಎಲ್ಲಿರುತ್ತದೆಂದು ನಮಗೆ ಗೊತ್ತಿತ್ತು. ಒಂದು ಶನಿವಾರ ಮಧ್ಯಾಹ್ನ ನಾವು ಐದು ಮಂದಿ ಚೆಂಡನ್ನು ಗೋಣಿಚೀಲದಲ್ಲಿ ಸುತ್ತಿ, ಬಂದರಿನಿಂದ ದೋಣಿ ಹತ್ತಿ ಕಸಬಾ ಬೆಂಗ್ರೆಗೆ ಹೋದೆವು. ಒಂದು ಕಡೆ ಫಲ್ಗುಣಿ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಉದ್ದಕ್ಕೆ ಮರಳು. ಅಲ್ಲಿನ ಹುಡುಗರು ಬರಿಗಾಲಲ್ಲಿ ಆಡುವುದನ್ನು ನೋಡಿ ಬೆರಗಾದೆವು. ಮರಳಿನಲ್ಲಿ ನಮ್ಮ ಬೂಟು ಹೂತುಹೋಗುತ್ತಿತ್ತು, ಅವರು ಓಡುತ್ತಿದ್ದರು. ನಾಲ್ಕು ಗೋಲು ತಿಂದೆವು. ಐದನೆಯದನ್ನು ತಡೆಯಲು ನಾನು ಗುದ್ದಿದ ಚೆಂಡು ಗಾಳಿಗೆ ಸಿಕ್ಕಿ ನೇರ ಹೊಳೆಗೆ ಬಿತ್ತು. ಇಳಿತದ ಹೊತ್ತು. ನಾವು ನೋಡುತ್ತಿದ್ದಂತೆಯೇ ಅದು ತೇಲುತ್ತಾ ಅಳಿವೆಯ ಕಡೆಗೆ ಹೋಯಿತು. ಬಿಳಿಯ ಚುಕ್ಕೆಯಾಗಿ, ಆಮೇಲೆ ಅದೂ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಮೀನುಗಾರರೊಬ್ಬರು ಚೆಂಡು ಹಿಡಿದುಕೊಂಡು ಕಾಲೇಜಿನ ಗೇಟಿಗೆ ಬಂದರು. ಮೇಲಿದ್ದ ಹೆಸರು ಓದಿಸಿಕೊಂಡು ಬಂದಿದ್ದರು. ಸರ್ ಅವರಿಗೆ ಕ್ಯಾಂಟೀನಿನಲ್ಲಿ ಚಾ, ಗೋಳಿಬಜೆ ಕೊಡಿಸಿ ಕಳುಹಿಸಿದರು. ನಮ್ಮನ್ನು ಕರೆದು ಬೈಯಲಿಲ್ಲ, ಯಾರು ಎಂದೂ ಕೇಳಲಿಲ್ಲ. ಉಪ್ಪುನೀರು ಕುಡಿದ ತೊಗಲು ಒಣಗಿ ಬಿರಿಯತೊಡಗಿತ್ತು. ಒಂದು ಬಾಟಲಿ ಹರಳೆಣ್ಣೆ, ಒಂದು ಹಳೆಯ ಬನಿಯನ್ ಕೊಟ್ಟು, "ದಿನಾ ಸಂಜೆ ಉಜ್ಜಬೇಕು ಕಣ್ರೋ, ಮಗೂಗೆ ಎಣ್ಣೆ ಹಚ್ಚೋ ಹಾಗೆ" ಎಂದರು. ಒಂದು ತಿಂಗಳು ಉಜ್ಜಿದೆವು. ಮುಂದಿನ ಶನಿವಾರ ಇಡೀ ತಂಡವನ್ನು ತಾವೇ ದೋಣಿಯ ಹಣ ಕೊಟ್ಟು ಬೆಂಗ್ರೆಗೆ ಕರೆದೊಯ್ದರು. "ಬೂಟ್ ಬಿಚ್ಚಿ" ಎಂದರು. ಅಂದಿನಿಂದ ಪ್ರತಿ ಶನಿವಾರದ ಪ್ರಾಕ್ಟೀಸು ಅಲ್ಲೇ, ಅದೇ ಹುಡುಗರ ಜೊತೆ. ನಮ್ಮ ಕಾಲಿಗೆ ಶಕ್ತಿ ಬಂದದ್ದು ಆ ಮರಳಿನಿಂದ.

ಕನ್ನಡ ಮೇಷ್ಟ್ರನ್ನೂ ನೆನೆಯಬೇಕು. ಆಫ್‌ಸೈಡ್ ಎಂದರೇನೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ. ಆದರೆ ಒಂದೂ ಮ್ಯಾಚು ತಪ್ಪಿಸಲಿಲ್ಲ. ನನ್ನ ಗೋಲಿನ ಹಿಂದೆಯೇ ಕೊಡೆ ಹಿಡಿದು ನಿಂತು, ಚೆಂಡು ಹತ್ತಿರ ಬಂದಾಗಲೆಲ್ಲ "ಮಗಾ, ಜಾಗ್ರತೆ" ಎನ್ನುತ್ತಿದ್ದರು. ಮರುದಿನ ಕ್ಲಾಸಿನಲ್ಲಿ ನಮಗೆ ತಪ್ಪಿದ ಪಾಠವನ್ನು ಊಟದ ಬಿಡುವಿನಲ್ಲಿ ಮತ್ತೆ ಮಾಡುತ್ತಿದ್ದರು.

1988ರ ಫೈನಲ್. ಗೋಲಿಲ್ಲದೆ ಮುಗಿದು ಟೈಬ್ರೇಕರಿಗೆ ಹೋಯಿತು. ನಾನು ಎರಡು ಪೆನಾಲ್ಟಿ ತಡೆದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎರಡನೆಯದನ್ನು ಒದೆಯಲು ಬಂದವನ ಎಡಗಾಲು ಊರುವ ಜಾಗ ಜಾರುತ್ತದೆಂದು ಬೆಳಿಗ್ಗೆಯೇ ಗೊತ್ತಿತ್ತು. ಅಲ್ಲಿ ಗಟ್ಟಿಯಾಗಿ ಒದೆಯಲು ಆಗುವುದಿಲ್ಲ, ಒಳಪಾದದಲ್ಲಿ ತಳ್ಳುತ್ತಾನೆ ಎಂದುಕೊಂಡು ಬಲಕ್ಕೆ ಹಾರಿದೆ. ಎದೆಗೆ ಚೆಂಡು ಬಂದು ಬಡಿದಾಗ ಮುಖವೆಲ್ಲ ಕೆಸರು. ಕಣ್ಣೊರೆಸಿಕೊಂಡು ನೋಡಿದರೆ ಗೆರೆಯುದ್ದಕ್ಕೂ ಕೊಡೆಗಳು ಮೇಲೆದ್ದಿದ್ದವು. ಅವುಗಳಲ್ಲಿ ಅಪ್ಪನದು ಯಾವುದೆಂದು ಹುಡುಕಿದೆ. ಅಪ್ಪ ಕೊಡೆಯನ್ನೇ ಕೆಳಗೆ ಬಿಟ್ಟು ಮಳೆಯಲ್ಲಿ ನಿಂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು.

ನಾನಿಂದು ಒಂದು ಬ್ಯಾಂಕಿನಲ್ಲಿ ಜನರಲ್ ಮ್ಯಾನೇಜರ್. ದೊಡ್ಡ ಸಾಲದ ಅರ್ಜಿ ಬಂದರೆ ಕಾಗದ ನೋಡಿ ಸಹಿ ಮಾಡಿದವನಲ್ಲ. ಜಾಗಕ್ಕೆ ಹೋಗಿ ನಡೆದು ನೋಡುತ್ತೇನೆ. ಕಿರಿಯ ಅಧಿಕಾರಿಗಳು ಇದನ್ನು ನನ್ನಿಂದ ಕಲಿತೆವೆನ್ನುತ್ತಾರೆ. ಯಾರಿಂದ ಬಂದದ್ದೆಂದು ಅವರಿಗೂ ಹೇಳಿದ್ದೇನೆ. ಎಲ್ಲಿದ್ದರೂ ಆಗಸ್ಟಿನಲ್ಲಿ ಒಂದು ವಾರ ರಜೆ ಹಾಕಿ ಊರಿಗೆ ಬಂದು ನಮ್ಮ ಕಾಲೇಜಿನ ಮ್ಯಾಚು ನೋಡುತ್ತೇನೆ. ತಪ್ಪಿಸಿದ್ದು ಎರಡೇ ವರ್ಷ. 1992ರಲ್ಲಿ, ತನ್ನ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಬಂದಾಗ ಸರ್ ಒಂದು ಕಾರ್ಡು ಬರೆದಿದ್ದರು: "ಇನ್ಮೇಲೆ ಕೀಪರ್‌ಗೂ ಕಾಲು ಬೇಕು. ನೀನಾಗಿದ್ರೆ ಕಲ್ತ್ಕೋತಿದ್ದೆ." ಆ ಕಾರ್ಡು ಇಂದಿಗೂ ನನ್ನ ಟೇಬಲ್ಲಿನ ಗಾಜಿನ ಕೆಳಗಿದೆ.

ಈಗ ಗೆರೆಯ ಪಕ್ಕ ನಿಂತರೆ ಮನಸ್ಸಿಗೆ ನೋವಾಗುತ್ತದೆ. ಸೆಮಿಸ್ಟರ್ ಪರೀಕ್ಷೆ ಇದೆ ಎಂದು ಅರ್ಧ ತಂಡವೇ ಬರುವುದಿಲ್ಲ. ಪಿಯು ಮಕ್ಕಳ ಆಟದ ಪೀರಿಯಡ್ಡನ್ನು ನೀಟ್, ಸಿಇಟಿ ತರಬೇತಿ ತಿಂದುಹಾಕಿದೆ. ಆಡಬೇಕೆಂದವರು ಗಂಟೆಗಿಷ್ಟೆಂದು ಹಣ ಕೊಟ್ಟು ಬಲೆಯೊಳಗಿನ ಟರ್ಫಿನಲ್ಲಿ ಆಡುತ್ತಾರೆ. ಅಲ್ಲಿ ನೀರು ನಿಲ್ಲುವುದಿಲ್ಲ, ಕೊಡೆ ಹಿಡಿದವರೂ ನಿಲ್ಲುವುದಿಲ್ಲ. ಮಕ್ಕಳನ್ನು ದೂರುತ್ತಿಲ್ಲ. ಅವರ ಸಂಜೆಗಳನ್ನು ಕಿತ್ತುಕೊಂಡವರು ನಾವೇ, ಹಿರಿಯರು.

ನಿವೃತ್ತಿಯಾದ ಮೇಲೆ ಸರ್ ಗೌತಮಪುರಕ್ಕೇ ಮರಳಿದರು. 1968–69ರಲ್ಲಿ ಬೆಂಗಳೂರಿನಲ್ಲೇ ಬಂಗಾಳವನ್ನು ಸೋಲಿಸಿ ಮೈಸೂರು ರಾಜ್ಯಗಳ ನಡುವಿನ ರಾಷ್ಟ್ರೀಯ ಫುಟ್ಬಾಲ್ ಕಪ್ಪಾದ ಸಂತೋಷ್ ಟ್ರೋಫಿ ಗೆದ್ದದ್ದನ್ನು ಕಣ್ಣಾರೆ ಕಂಡವರು ಅವರು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದು 1973ರಲ್ಲಿ; ಆ ಹೆಸರಿನಲ್ಲಿ ಒಮ್ಮೆಯೂ ಕಪ್ ಬಂದಿರಲಿಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯದ ಎದುರು ಫೈನಲ್ ಎಂದಾಗ ನಾನು ಅವರ ಮನೆಗೇ ಹೋದೆ. ಸ್ಟೀಲ್ ಲೋಟಕ್ಕೆ ಮೊಬೈಲ್ ಆನಿಸಿಟ್ಟೆ. ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ನಾನು ಹೇಳುತ್ತಾ ಹೋದೆ. ಅರ್ಧ ಆಟಕ್ಕೆ ನಾವು 3–1 ಮುಂದೆ. ಆಮೇಲೆ 3–2. ಕೊನೆಯ ನಿಮಿಷಗಳಲ್ಲಿ ನನ್ನ ಮಣಿಕಟ್ಟು ಹಿಡಿದು, "ಕೀಪರ್ ಎಲ್ಲಿ ನಿಂತವ್ನೆ ಹೇಳು" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಸೀಟಿ ಊದಿದ ಮೇಲೂ ಕೈ ಬಿಡಲಿಲ್ಲ. ಐವತ್ತನಾಲ್ಕು ವರ್ಷ ಎಂದರು. ಬೇರೇನೂ ಹೇಳಲಿಲ್ಲ.

ಅವರು ಹೋದ ಹದಿಮೂರನೆಯ ದಿನ ಅವರ ಮಗಳು ಒಂದು ತಗಡಿನ ಪೆಟ್ಟಿಗೆ ತಂದು ಕೊಟ್ಟರು. ಒಳಗೆ ನೋಟುಬುಕ್ಕುಗಳು, ಪ್ರತಿ ಮಳೆಗಾಲಕ್ಕೊಂದು. ಪುಟಪುಟದಲ್ಲೂ ಆಯತಾಕಾರದ ಅಂಗಣ, ಒಳಗೆ ಪೆನ್ಸಿಲಿನ ಸುತ್ತುಗಳು, ಪಕ್ಕದಲ್ಲಿ ಹೆಜ್ಜೆಗಳ ಲೆಕ್ಕ. 1988ರ ಪುಟದ ಮೂಲೆಯಲ್ಲಿ ಒಣಗಿದ ಕೆಂಪುಮಣ್ಣಿನ ಹೆಬ್ಬೆಟ್ಟಿನ ಗುರುತು ಇನ್ನೂ ಇದೆ.

ಪೆಟ್ಟಿಗೆಯನ್ನು ಕಾಲೇಜಿನ ಸ್ಪೋರ್ಟ್ಸ್ ರೂಮಿಗೆ ಒಪ್ಪಿಸಿದ್ದೇನೆ, ಅದೇ ಮರದ ಕಪಾಟಿನಲ್ಲಿದೆ. ಈಗಿನ ತಂಡದ ಕ್ಯಾಪ್ಟನ್ ಇದನ್ನು ಓದಿದರೆ ಆಗಸ್ಟಿಗೆ ಮೊದಲು ಒಮ್ಮೆ ತೆಗೆದು ನೋಡಲಿ. ಕಳೆದ ಜುಲೈಯಲ್ಲಿ ನಾನು ಬೆಳಿಗ್ಗೆ ಆರಕ್ಕೆ ಹೋಗಿ ಚಪ್ಪಲಿ ಕಳಚಿ ನಡೆದು ಬಂದೆ. ಉತ್ತರದ ಗೋಲಿನ ಎಡಗಂಬದಿಂದ ಆರು ಹೆಜ್ಜೆ ಮುಂದೆ, ನೀರು ಈಗಲೂ ಅಲ್ಲೇ ನಿಲ್ಲುತ್ತದೆ.