ಪುಟ್ಟಿಯ ಕಾಲಿನ ಗೆರೆ

ಶುಕ್ರವಾರ, ಜನವರಿ 24, 2025
ಹಾಸನ

ಸ್ಟೇಡಿಯಂನಲ್ಲಿ ಪರೇಡಿನ ತಾಲೀಮು ಮುಗಿಸಿ ಬಂದ ಪುಟ್ಟಿ ಬೂಟು ಬಿಚ್ಚಿದಾಗ ನನ್ನ ಎದೆ ಧಸಕ್ಕೆಂದಿತು. ಎರಡೂ ಕಾಲಿಗೆ, ಕಣಕಾಲಿನ ಮೇಲೆ ಸುತ್ತಲೂ ಕೆಂಪು ಗೆರೆ. ಬೆರಳಿಟ್ಟರೆ ಚರ್ಮ ತಗ್ಗಾಗಿದ್ದು ಗೊತ್ತಾಗುತ್ತೆ. ಪ್ಯಾಂಟಿನ ಅಂಚು ಬೂಟಿನ ಮೇಲೆ ನಿಲ್ಲಲಿ ಅಂತ ಸಣ್ಣ ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಹಾಕಿಕೊಂಡಿದ್ದಳಂತೆ. ಎನ್‌ಸಿಸಿ ಹುಡುಗೀರೆಲ್ಲ ಹಾಗೇ ಮಾಡ್ತಾರಂತೆ.

ಚಿಕ್ಕಪ್ಪ ಪಹಣಿ ಕೆಲಸಕ್ಕೆ ಅಂತ ಚನ್ನರಾಯಪಟ್ಟಣದಿಂದ ಬಂದಿದ್ದರು. ಸೇನೆಯ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಹವಾಲ್ದಾರ್ ಆಗಿ ರಿಟೈರ್ ಆದವರು. ಕಾಫಿ ಲೋಟ ಕೆಳಗಿಟ್ಟು, "ಬಾರವ್ವ ಇಲ್ಲಿ, ಬೂಟು ತಿರುಗಾ ಹಾಕ್ಕೊ" ಅಂದರು.

ಹಳೇ ಸೈಕಲ್ ಟ್ಯೂಬ್ ತರಿಸಿ ಅಗಲವಾದ ಬಳೆ ಥರ ಎರಡು ಕತ್ತರಿಸಿದರು. "ಸಣ್ಣ ರಬ್ಬರ್ರು ಕಚ್ಚುತ್ತೆ ಕಣವ್ವ, ಅಗಲದ್ದು ಹಿಡಿಯುತ್ತೆ." ಅದನ್ನ ಕಾಲಿಗಲ್ಲ, ಬೂಟಿನ ಮೇಲಂಚಿನ ಚರ್ಮದ ಮೇಲೇ ಹಾಕಿಸಿದರು, ಬಿಗಿ ಏನಿದ್ರೂ ಬೂಟು ತಡ್ಕೊಳ್ಳಲಿ ಅಂತ. ಪ್ಯಾಂಟಿನ ಅಂಚನ್ನು ಒಳಮುಖಕ್ಕೆ ಮಡಚಿ ಟ್ಯೂಬಿನ ಅಡಿಗೆ ಸಿಗಿಸಿ, ಮೇಲಿಂದ ಬಟ್ಟೆ ಸ್ವಲ್ಪ ಇಳಿಬಿಟ್ಟು, ನೆರಿಗೆಯನ್ನೆಲ್ಲ ಹಿಂದಕ್ಕೆ ದೂಡಿದರು. ಮುಂದಿನ ಇಸ್ತ್ರಿ ಗೆರೆ ನೆಟ್ಟಗೇ ಉಳೀತು. ಆಮೇಲೆ ಕುಕ್ಕರಗಾಲಲ್ಲಿ ಕೂರಿಸಿ ಎಬ್ಬಿಸಿದರು. ಒಂದು ಕಡೆ ಕಿತ್ತು ಬಂತು. ಮೊಣಕಾಲು ಮಡಚೋಕೆ ಬಟ್ಟೆ ಸಾಲದಿದ್ರೆ ಹೀಗೇ ಆಗೋದು ಅಂತ ಇನ್ನಷ್ಟು ಸಡಿಲ ಬಿಡಿಸಿ ಮತ್ತೆ ಕೂರಿಸಿದರು. ಈ ಸಲ ಅಲ್ಲಾಡಲಿಲ್ಲ. ಅಂಗಡೀಲಿ ಕೊಕ್ಕೆ ಇರೋ ಎಲಾಸ್ಟಿಕ್ ಸಿಗುತ್ತಂತೆ, ಅದೂ ಆಗುತ್ತಂತೆ. ಬ್ರಿಟಿಷ್ ಸಿಪಾಯಿಗಳು ಮಡಿಕೆ ಒಂದೇ ಸಮ ಬೀಳಲಿ ಅಂತ ಪ್ಯಾಂಟಿನೊಳಗೆ ಸರಪಳಿ ತುಂಡು ಇಳಿಬಿಡ್ತಿದ್ದರಂತೆ.

ಇದಕ್ಕೂ ಮುಂಚೆ ಪಟ್ಟಿ ಇತ್ತು. ಕಣಕಾಲಿಂದ ಮೊಣಕಾಲಿನ ಕೆಳಗಿನವರೆಗೆ ಸುತ್ತುವ ಉದ್ದನೆಯ ಉಣ್ಣೆ ಬಟ್ಟೆ. ಕಾಲ್ದಳದವರು ಕೆಳಗಿಂದ ಮೇಲಕ್ಕೆ ಸುತ್ತಿದರೆ ಕುದುರೆ ಸವಾರರು ಮೇಲಿಂದ ಕೆಳಕ್ಕೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಚಳಿ, ನೀರಿನ ಜೊತೆಗೆ ಬಿಗಿಯಾದ ಪಟ್ಟಿಯೂ ಸೇರಿ, ರಕ್ತ ಸರಿಯಾಗಿ ಓಡಾಡದೆ ಎಷ್ಟೋ ಸೈನಿಕರ ಪಾದಗಳು ಕೆಟ್ಟವು. ಬ್ರಿಟಿಷ್ ಸೇನೆಯ 1937ರ ಸಲಕರಣೆಗಳಲ್ಲಿ ಅದರ ಜಾಗಕ್ಕೆ ಕಣಕಾಲಿಗೆ ಕಟ್ಟುವ ಕ್ಯಾನ್ವಾಸಿನ ಆಂಕ್ಲೆಟ್ ಬಂತು.

ಕೆಂಪು ಗೆರೆ ನೋಡಿದ ಮೇಲೆ ಇದನ್ನ ಕೇಳೋದು ನನಗೆ ಕಷ್ಟವಾಯಿತು. "ಅಷ್ಟು ಹೊತ್ತು ಅಲ್ಲಾಡದೆ ನಿಲ್ಲಬೇಕಲ್ಲ ಚಿಕ್ಕಪ್ಪ" ಅಂದೆ. ಮೀನಖಂಡ ಆಡದಿದ್ದರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತು ಬರುತ್ತೆ, ಅಟೆನ್ಷನ್‌ನಲ್ಲಿ ನಿಂತಾಗಲೂ ಬೂಟಿನೊಳಗೆ ಬೆರಳು ಆಡಿಸ್ತಾ ಇರು ಅಂತ ಅವಳಿಗೇ ಹೇಳಿದರು. "ಹೊರಗೆ ನೋಡೋರಿಗೆ ಕಾಣಲ್ಲ ಬುಡು."

ಅಂಚು ಕಟ್ಟೋದು ಬರೀ ಅಂದಕ್ಕಲ್ಲ ಅನ್ನೋದು ಸಕಲೇಶಪುರದ ಕಡೆ ಮಳೆಗಾಲದಲ್ಲಿ ತೋಟಕ್ಕೆ ಇಳಿದವರಿಗೆ ಗೊತ್ತು. ಪ್ಯಾಂಟನ್ನ ಕಾಲುಚೀಲದೊಳಗೆ ತುರುಕದಿದ್ದರೆ ಇಂಬಳ ಎಲ್ಲಿಗೆ ಹತ್ತುತ್ತೋ ಹೇಳೋಕಾಗಲ್ಲ. ಸಿಪಾಯಿಗೆ ಕೆಸರು, ಮುಳ್ಳು, ಹುಳ ಎಲ್ಲ ಅದೇ ದಾರೀಲಿ.

ಅವರೆಕಾಳು ಇನ್ನೂ ಅರ್ಧ ಹಿದುಕೋದಿತ್ತು. ಸಾರು ತಡವಾಯಿತು.

ಊಟಕ್ಕೆ ಕೂತಾಗ ಪುಟ್ಟಿ ಎನ್‌ಡಿಎ, ಅಂದರೆ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಯ ಮಾತು ತೆಗೆದಳು. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರೋ ಆ ಅಕಾಡೆಮಿಗೆ ಹುಡುಗಿಯರ ಮೊದಲ ತಂಡ ಹೋಗಿದ್ದು 2022ರಲ್ಲಿ, ಈಗ ಅಲ್ಲಿ ಮೂರನೇ ವರ್ಷದಲ್ಲಿದ್ದಾರೆ ಅಂತ ಎಲ್ಲ ತಿಳಿದುಕೊಂಡಿದ್ದಾಳೆ. ಚಿಕ್ಕಪ್ಪ ಮುದ್ದೆ ಮುರಿಯೋದನ್ನ ನಿಲ್ಲಿಸಿ ಅವಳನ್ನೇ ನೋಡಿದರು. ನನಗೆ ಹೆಮ್ಮೆ, ಅದರ ಹಿಂದೆಯೇ ಭಯ. ಕಾಲಿನ ಗೆರೆಗೇ ಇಷ್ಟು ಸಂಕಟಪಟ್ಟವಳು ನಾನು. ನಮ್ಮ ಯಜಮಾನರಿಗೆ ಇನ್ನೂ ವಿಷಯ ಗೊತ್ತಿಲ್ಲ. ಭಾನುವಾರ ಪರೇಡ್ ಮುಗಿದ ಮೇಲೆ, ಚಿಕ್ಕಪ್ಪ ಊರಿಗೆ ಹೊರಡೋದಕ್ಕೆ ಮುಂಚೆಯೇ ಹೇಳಿಬಿಟ್ಟರೆ, ಅವರ ಎದುರಿಗಾದರೆ ಇವರು ಒಂದೇ ಸಲಕ್ಕೆ ಬೇಡ ಅನ್ನಲಾರರು, ಆದರೆ ಅಮ್ಮನಿಗೆ ಯಾರು